ಮರಿಸ್ವಾಮಿ ಪತ್ರಿಕೋದ್ಯಮ ಓದಿದ್ದು

ಹೂಂ ಅನ್ನೋರು ಮುಂದಕ್ಕೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಹೇಳ್ತೀನಿ.

ಒಂದೂರಲ್ಲಿ ದೇವೀರಮ್ಮ ಅಂತ ಹೂ ಕಟ್ಟಿ ಮಾರೋಳು ಇದ್ಲು. ಅವಳಿಗೊಬ್ಬನೇ ಮಗ, ಮರಿಸ್ವಾಮಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಬಾಗಿಲು ನೋಡ್ಕೋ ಅಂದ್ರೆ ಬಾಗಿಲನ್ನೇ ನೋಡ್ತಾ ಕೂರೋನು. ಕೋಳಿ ಒಳಗೆ ಹೋಗಿ ಅಕ್ಕಿ ತಿಂದ್ರೂ ಕಣ್ಣು ಕದಲಿಸ್ತಿರ್ಲಿಲ್ಲ.

"ಅಯ್ಯೋ ಶಿವನೇ, ಇವನನ್ನ ಕಟ್ಕೊಂಡು ಏನು ಮಾಡ್ಲಿ!" ಅಂತ ಅವಳು ತಲೆ ಚಚ್ಕೊಳ್ಳೋಳು.

ಪಕ್ಕದ್ಮನೆ ಮೇಷ್ಟ್ರು ಅಂದ್ರು, "ಕೇಳಿದ್ದನ್ನ ಕೇಳಿದ ಹಾಗೇ ಹೇಳ್ತಾನಲ್ಲಮ್ಮ. ಪತ್ರಿಕೋದ್ಯಮಕ್ಕೆ ಸೇರಿಸು!"

ಊರಾಚೆ ಒಂದು ಖಾಸಗಿ ವಿಶ್ವವಿದ್ಯಾಲಯ. ಗಾಜಿನ ಕಟ್ಟಡ, ಎದುರಿಗೆ ಕಾರಂಜಿ. ಅಲ್ಲಿಗೆ ಸೇರಿಸಿದ್ಲು.

ಪಾಠ ಹೇಳೋ ಪಂಕಜಾಕ್ಷಿ ಮೇಡಂ ಮೊದಲನೇ ದಿನವೇ ಅಂದ್ರು, "ಸುದ್ದಿ ಅಂದ್ರೆ ಬಿಸಿಬಿಸಿಯಾಗಿರ್ಬೇಕು. ನಾಳೆ ಎಲ್ಲರೂ ಒಂದೊಂದು ತಗೊಂಡು ಬನ್ನಿ!"

ಮರಿಸ್ವಾಮಿ ಕ್ಯಾಂಟೀನಿನ ನಲ್ಲಿ ಸೋರೋದರ ಬಗ್ಗೆ ಒಂದು ಹಾಳೆ ಬರೆದ. ಮುಟ್ಟಿ ನೋಡಿದ. ತಣ್ಣಗಿತ್ತು! ತಗೊಂಡು ಹೋಗಿ ದೋಸೆ ಹೆಂಚಿನ ಮೇಲಿಟ್ಟ. ಒಂದು ಕಡೆ ಕಾಯ್ತು, ಮಗುಚಿ ಹಾಕಿದ. ಹಾಳೆ ಭಗ್ಗಂತ ಹತ್ಕೊಳ್ತು. ಬೂದೀನ ತಟ್ಟೇಲಿಟ್ಕೊಂಡು ಓಡ್ತಾ ಬಂದ.

"ಮೇಡಂ, ಮೇಡಂ, ಬೇಗ ಓದಿ, ಆರಿಹೋಗುತ್ತೆ!"

"ಅಯ್ಯೋ ದಡ್ಡ! ಬಿಸಿ ಅಂದ್ರೆ ಸುಡೋದಲ್ಲ ಕಣೋ! ಜನರ ಹತ್ರ ಹೋಗ್ಬೇಕು, ಕೇಳ್ಬೇಕು. ಯಾರು? ಏನು? ಎಲ್ಲಿ? ಯಾಕೆ? ಉತ್ತರ ಸಿಗೋವರೆಗೂ ಬಿಡಬಾರ್ದು!"

"ಹಂಗೇ ಆಗ್ಲಿ ಮೇಡಂ."

ಆ ವಾರವೇ ಸೋದರಮಾವನ ಮಗಳ ಮದುವೆ. ಸರಿಯಾಗಿ ಮುಹೂರ್ತದ ಹೊತ್ತಿಗೆ ಮರಿಸ್ವಾಮಿ ಮಂಟಪ ಹತ್ತಿದ. ಗಂಡಿನ ಕೈಲಿ ತಾಳಿ.

"ಯಾರು ನೀವು?"

"ಮದುಮಗ!"

"ಏನು ಮಾಡ್ತಿದ್ದೀರಿ?"

"ತಾಳಿ ಕಟ್ತಿದ್ದೀನಿ!"

"ಎಲ್ಲಿ?"

"ಕುತ್ತಿಗೆಗೆ!"

"ಯಾಕೆ?"

ಗಂಡು ತಬ್ಬಿಬ್ಬಾದ. ಉತ್ತರ ಸಿಗೋವರೆಗೂ ಬಿಡಬಾರ್ದಲ್ಲ! ಮರಿಸ್ವಾಮಿ ಅವನ ಕೈ ಗಟ್ಟಿಯಾಗಿ ಹಿಡ್ಕೊಂಡ. "ಯಾಕೆ? ಯಾಕೆ?" ಗಂಡೂ ಯೋಚನೆಗೆ ಬಿದ್ದ. ವಾಲಗದೋರು ಬಾರಿಸೀ ಬಾರಿಸೀ ಸುಸ್ತಾದ್ರು. ಕೊನೆಗೆ ಮಾವ ಬಂದು ಕೊರಳಪಟ್ಟಿ ಹಿಡಿದು ಆಚೆ ದಬ್ಬಿದ.

ಮೇಡಂಗೆ ವಿಷಯ ಗೊತ್ತಾಯ್ತು. "ಗಂಡೊಬ್ಬನನ್ನೇ ಹಿಡ್ಕೊಂಡ್ರೆ ಹೆಂಗೋ, ಮಂಕೇ! ಯಾವ ಸುದ್ದಿಗಾದ್ರೂ ಎರಡೂ ಕಡೆಯೋರ ಮಾತು ಬೇಕು!"

"ಹಂಗೇ ಆಗ್ಲಿ ಮೇಡಂ."

ಆಮೇಲೆ ಕುಲಪತಿಗಳ ತಂದೆ ತೀರ್ಕೊಂಡ್ರು. ವಿಶ್ವವಿದ್ಯಾಲಯದ ಪತ್ರಿಕೆಗೆ ಬರ್ಕೊಂಡು ಬಾ ಅಂತ ಇವನನ್ನ ಕಳಿಸಿದ್ರು. ಮನೆಯೋರು ಅತ್ಕೊಂಡು ಹೇಳಿದ್ದನ್ನೆಲ್ಲ ಬರ್ಕೊಂಡ. ಒಂದು ಕಡೆ ಆಯ್ತು. ಇನ್ನೊಂದು ಕಡೆ? ನೆಟ್ಟಗೆ ಸ್ಮಶಾನಕ್ಕೆ ಹೋದ. ಹಸಿ ಮಣ್ಣಿನ ಮೇಲೆ ಮೈಕು ಹಿಡಿದು ಕೂತ.

"ಯಜಮಾನ್ರೇ, ಅವರು ಹಿಂಗಂತಾರೆ. ನೀವೇನಂತೀರಿ?"

ಬಿಸಿಲು ಇಳೀತು. ಯಜಮಾನ್ರು ತುಟಿ ಬಿಚ್ಚಲಿಲ್ಲ. ಮರಿಸ್ವಾಮಿ ಬರೆದ: 'ಮೃತರು ಪ್ರತಿಕ್ರಿಯೆ ನೀಡಲು ನಿರಾಕರಿಸಿದರು.' ಅಚ್ಚೂ ಆಗೋಯ್ತು!

ಕುಲಪತಿಗಳು ಕೆಂಡಾಮಂಡಲ. ಮೇಡಂ ಇವನನ್ನ ಕರೆಸಿದ್ರು. "ನಿನ್ನ ಜೊತೆ ನನ್ನ ಕೆಲಸಾನೂ ಹೋಗುತ್ತಲ್ಲೋ! ಇನ್ನೊಂದು ಸಲ ಹಿಂಗಾದ್ರೆ ಗಂಟುಮೂಟೆ ಕಟ್ಟು. ಕಣ್ಣಾರೆ ಕಂಡದ್ದನ್ನ ಕಂಡ ಹಾಗೇ ಹೇಳು. ಅಷ್ಟೇ!"

"ಹಂಗೇ ಆಗ್ಲಿ ಮೇಡಂ."

ಹೊಸ ಸ್ಟುಡಿಯೋ ಉದ್ಘಾಟನೆ ಬಂತು. ಮಗನ ವಿದ್ಯೆ ನೋಡೋಣ ಅಂತ ದೇವೀರಮ್ಮನೂ ಬಂದ್ಲು. ನೇರಪ್ರಸಾರದಲ್ಲಿ ಮಾತಾಡಬೇಕಿದ್ದ ಹುಡುಗಿಗೆ ಗಂಟಲು ಕಟ್ಟಿತ್ತು. ಬೇರೆ ಯಾರೂ ಸಿಗದೆ ಮೈಕು ಮರಿಸ್ವಾಮಿ ಕೈಗೆ ಬಂತು.

"ಮುಖ್ಯ ಅತಿಥಿಗಳು ಬಂದ್ರು. ಕುಲಪತಿಗಳು ಆಕಳಿಸಿದ್ರು. ಕುಲಸಚಿವರು ಮೂಗಿಗೆ ಬೆರಳು ಹಾಕಿದ್ದಾರೆ. ತೆಗೆದ್ರು. ಈಗ ಗಾಳಿ ಬೀಸ್ತು. ಕುಲಪತಿಗಳ ಕೂದಲು ಎಡಕ್ಕೆ ಹೋಗಿದೆ. ತಲೆ ಮಾತ್ರ ಅಲ್ಲೇ ಇದೆ!"

ಕ್ಯಾಮೆರಾ ಹಿಂದಿಂದ ಮೇಡಂ ಅರಚಿದ್ರು, "ಕಟ್ ಮಾಡೋ! ಕಟ್ ಮಾಡು!"

ಮರಿಸ್ವಾಮಿ ಸುತ್ತ ನೋಡಿದ. ಬೆಳ್ಳಿ ತಟ್ಟೇಲಿ ಕತ್ತರಿ. ಎದುರಿಗೇ ಕೆಂಪು ಟೇಪು. ಕಟ್ ಮಾಡಿದ! ಬ್ಯಾಂಡು ಮೊಳಗಿತು. ಹಸಿದಿದ್ದ ಜನ ಉದ್ಘಾಟನೆ ಆಯ್ತು ಅಂತ ಎದ್ದು ಊಟದ ಪೆಂಡಾಲಿಗೆ ನುಗ್ಗಿದ್ರು. ಅತಿಥಿಗಳು ಹೊಟ್ಟೆ ಹಿಡ್ಕೊಂಡು ನಕ್ಕರು. ಅವರು ನಕ್ಕಿದ್ದಕ್ಕೆ ಕುಲಪತಿಗಳೂ ನಗಬೇಕಾಯ್ತು, ಕೂದಲು ಹಿಡ್ಕೊಂಡು.

ಮೇಡಂ ಮಾತ್ರ ನಗಲಿಲ್ಲ. "ಇನ್ಮೇಲೆ ನೀನು ಬಾಯಿ ತೆರೆದ್ಯೋ, ನೋಡು!"

ಮರಿಸ್ವಾಮಿ ತುಟಿ ಬಿಗಿದ. ಹೋಗಿ ಎಲೆ ಮುಂದೆ ಕೂತ. ಅನ್ನ ಬಂತು, ಸಾರು ಬಂತು, ಪಾಯಸ ಬಂತು. ಬಾಯಿ ತೆರೀಲಿಲ್ಲ.

"ಉಣ್ಣೋ ಮಗನೇ!" ಅಂದ್ಲು ದೇವೀರಮ್ಮ.

ಉಹೂಂ.

"ಒಂದು ತುತ್ತು ಕಣೋ!"

ಉಹೂಂ.

ಅವಳು ಮೇಡಂ ಹತ್ರ ಓಡಿದ್ಲು. "ಮೇಡಮ್ಮೋರೇ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮಗ ಹಸಿವಿಗೆ ಸಾಯ್ತಾನೆ. ಬಾಯಿ ತೆರೆ ಅಂತ ನೀವೇ ಒಂದು ಮಾತು ಹೇಳಿ!"

ಮೇಡಂಗೂ ಈಗ ನಗು ತಡೆಯೋಕಾಗ್ಲಿಲ್ಲ. ಬಂದು ಅಂದ್ರು, "ಬಾಯಿ ತೆರಿಯೋ, ಮಹಾರಾಯ!"

ಮರಿಸ್ವಾಮಿ ಆ ಅಂತ ಬಾಯಿ ತೆರೆದ. ದೇವೀರಮ್ಮ ಪಾಯಸ ಹಾಕಿದ್ಲು. ಅದು ಗಲ್ಲದ ಮೇಲಿಂದ ಅಂಗಿಗೆ ಇಳೀತು. ಇನ್ನೊಂದು ತುತ್ತು ಹಾಕಿದ್ಲು. ಅದೂ ಇಳೀತು.

ಮುಚ್ಚು ಅಂತ ಯಾರೂ ಹೇಳಿರ್ಲಿಲ್ಲವಲ್ಲ!