ನುಣುಪಿಯೂ ಗುಂಗುರಿಯೂ

ಹತ್ತಾರು ಚರ್ಮ ಸಂಶೋಧಕರು ಸೇರಿ ನಡೆಸುತ್ತಿದ್ದ ಒಂದು ಪ್ರಯೋಗಾಲಯದಲ್ಲಿ, ಅವರವರಿಗೆ ಬೇಕಾದಂತೆ ವಂಶವಾಹಿ ತಿದ್ದಿದ ಇಲಿಗಳನ್ನು ಬೆಳೆಸುತ್ತಿದ್ದರು. ಮೈಮೇಲೆ ಒಂದು ಕೂದಲೂ ಇಲ್ಲದ ನುಣುಪಿ ಎಂಬ ಇಲಿಯನ್ನೂ ಮೈತುಂಬ ಸುರುಳಿಗೂದಲಿದ್ದ ಗುಂಗುರಿ ಎಂಬ ಇಲಿಯನ್ನೂ ಅಲ್ಲಿ ಒಂದೇ ಪಂಜರದಲ್ಲಿ ಬಿಟ್ಟರು.

"ಸುಟ್ಟ ಗಾಯಕ್ಕೆ ಮದ್ದು ಹುಡುಕುವ ದೊಡ್ಡ ಡಾಕ್ಟರಿಗಾಗಿ ಹುಟ್ಟಿದವಳು ನಾನು. ಹತ್ತಿಯ ಗೂಡು ನನ್ನದು, ನೀನು ಆ ಮೂಲೆಗೆ ಹೋಗು" ಎಂದಿತು ನುಣುಪಿ.

"ಹಾಗೇ ಆಗಲಿ. ನನಗೆ ನನ್ನ ಕೂದಲೇ ಹಾಸಿಗೆ" ಎಂದು ಗುಂಗುರಿ ಮೂಲೆ ಸೇರಿತು.

ಮಧ್ಯಾಹ್ನ ಕೋಣೆಯ ಹೀಟರ್ ಕೆಟ್ಟಿತು. ಹತ್ತಿಯೊಳಗಿದ್ದರೂ ನುಣುಪಿಯ ಹಲ್ಲು ಕಟಕಟಿಸಿದವು, ಕಾಲುಗಳು ಮರಗಟ್ಟಿದವು. ಅದನ್ನು ಕಂಡ ಗುಂಗುರಿ, "ನಿನ್ನ ಗೂಡಿಗೆ ಬರಲು ಅಪ್ಪಣೆಯೇ?" ಎಂದು ಕೇಳಿತು.

"ಅಪ್ಪಣೆ ಕೇಳುತ್ತಾ ಕೂತರೆ ನಾನು ಉಳಿಯುವುದಿಲ್ಲ ಅಕ್ಕಾ, ಬೇಗ ಬಾ!" ಎಂದಿತು ನುಣುಪಿ.

ಗುಂಗುರಿ ಓಡಿ ಹೋಗಿ ಅದನ್ನು ತನ್ನ ಹೊಟ್ಟೆಯಡಿ ಬೆಚ್ಚಗೆ ಅವಚಿಕೊಂಡು ಮಲಗಿತು.

ಹೀಟರ್ ಸರಿಯಾಯಿತು, ಆದರೆ ಕೋಣೆ ಇನ್ನೂ ಬೆಚ್ಚಗಾಗಿರಲಿಲ್ಲ. ಆಗ ಇಲಿಗಳನ್ನು ನೋಡಿಕೊಳ್ಳುವ ಚೆನ್ನಾಜಮ್ಮ ಬಂದು ಪಂಜರದ ಮುಚ್ಚಳ ತೆಗೆದರು. "ಅಯ್ಯೋ, ಎರಡಿದ್ದವಲ್ಲ, ಒಂದೇ ಕಾಣ್ತಿದೆ!" ಎಂದು ಗಾಬರಿಯಾದರು.

ಸುರುಳಿಗೂದಲ ನಡುವಿನಿಂದ ಗುಲಾಬಿ ಬಣ್ಣದ ಮೂತಿಯೊಂದು ಹೊರಬಂತು. "ಇಬ್ಬರೂ ಇದ್ದೇವಮ್ಮ. ಮೊದಲು ಮುಚ್ಚಳ ಹಾಕಿ, ನಮಗೆ ಚಳಿಯಾಗುತ್ತಿದೆ."