ಜುಂಜಣ್ಣನ ಸಿವಿಲ್ ಇಂಜಿನಿಯರಿಂಗು

ಅವ್ವ ಒಬ್ಬಳು, ಮಗ ಒಬ್ಬ. ಅವ್ವನ ಹೆಸರು ಕ್ಯಾತಮ್ಮ. ಸಿರಾ ಕಡೆಯವಳು, ಗಾರೆ ಕೆಲಸದವಳು. ಇಪ್ಪತ್ತು ವರ್ಷ ಕಾಂಕ್ರೀಟಿನ ಬಾಂಡ್ಲಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದುಹೋಗಿತ್ತು. ಮಗನ ಹೆಸರು ಜುಂಜಣ್ಣ. ಅವನ ನೆತ್ತಿಯ ಮೇಲೆ ಕೂದಲು ಪೊದೆಯ ಹಾಗೆ ಬೆಳೆದಿತ್ತು. ಒಳಗೆ ಏನು ಬೆಳೆದಿತ್ತೋ, ಆ ದೇವರಿಗೇ ಗೊತ್ತು.

ಇಂಥವನು ಇಂಜಿನಿಯರಿಂಗ್ ಕಾಲೇಜಿಗೆ ಹೇಗೆ ಹೋದ ಅಂತೀರಾ? ಹೇಳ್ತೀನಿ ಕೇಳಿ. ಸ್ಕೂಲಿನ ಮೇಷ್ಟ್ರು, "ಪುಸ್ತಕ ಬಾಯಿಪಾಠ ಮಾಡೋ" ಅಂದಿದ್ದರು. ಮಾಡಿದ. ರಟ್ಟಿನಿಂದ ರಟ್ಟಿನವರೆಗೂ ಮಾಡಿದ. ಅಚ್ಚು ಹಾಕಿದವರ ವಿಳಾಸವನ್ನೂ ಬಿಡಲಿಲ್ಲ. ಮಾರ್ಕ್ಸು ಬಂತು, ಸೀಟು ಸಿಕ್ಕಿತು. ಯಾವುದು? ಸಿವಿಲ್ಲು!

ಕ್ಯಾತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಾನು ಹೊತ್ತಿದ್ದು ಸಾಕು. ಇನ್ಮೇಲೆ ನನ್ನ ಮಗ ನಿಂತು ಕಟ್ಟಿಸ್ತಾನೆ!" ಅಂತ ಕೇರಿಗೆಲ್ಲ ಸಕ್ಕರೆ ಹಂಚಿದಳು.

ಹಂಚಬಾರದಿತ್ತು.

ಮೊದಲನೇ ತಿಂಗಳು ಸರ್ವೆ ಪಾಠ. ಪಾಠ ಹೇಳುವವರು ವಿಶಾಲಾಕ್ಷಿ ಮೇಡಮ್ಮು. ಕಾಲೇಜಿನ ಬಯಲಲ್ಲಿ ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಜುಂಜಣ್ಣನ ಕೈಗೆ ಎರಡಾಳುದ್ದದ ಅಳತೆ ಕೋಲು ಕೊಟ್ಟು, "ದೂರ ಹೋಗಿ ನಿಂತ್ಕೋ. ನಾನು ಹೇಳೋವರೆಗೂ ಅಲ್ಲಾಡಬೇಡ" ಅಂದರು. ಹೋದ. ನಿಂತ. ಗಂಟೆ ಹೊಡೀತು, ಮೇಡಮ್ಮು ದುರ್ಬೀನು ಎತ್ತಿಸಿಕೊಂಡು ಹೋದರು, ಹುಡುಗರು ಹೋದರು. ಇವನಿಗೆ ಹೇಳೋದನ್ನೇ ಮರೆತರು. ಇವನು ಅಲ್ಲಾಡಲಿಲ್ಲ.

ಮಧ್ಯಾಹ್ನ ಆಯಿತು, ಅಲ್ಲಾಡಲಿಲ್ಲ. ಒಂದು ಮೇಕೆ ಬಂದು ಮೈ ಉಜ್ಜಿಕೊಂಡು ಹೋಯಿತು, ಅಲ್ಲಾಡಲಿಲ್ಲ. ಸಂಜೆ ವಾಲಿಬಾಲ್ ಹುಡುಗರು ಬಂದರು. ಅವರ ಕಂಬ ಒಂದು ಮುರಿದಿತ್ತು. ಬಲೆಯ ಒಂದು ತುದಿ ಇವನಿಗೇ ಕಟ್ಟಿ ಮೂರು ಆಟ ಆಡಿದರು.

ಮಗ ಮನೆಗೆ ಬರಲಿಲ್ಲವಲ್ಲ ಅಂತ ಕ್ಯಾತಮ್ಮ ಹುಡುಕಿಕೊಂಡು ಬಂದಳು. ಬಂದು ನೋಡಿದರೆ, ಮಗ ಬಲೆಯಲ್ಲಿ!

"ಅಯ್ಯೋ ನನ್ನ ಕರ್ಮವೇ! ಏನೋ ಇದು?"

"ಅಲ್ಲಾಡಬೇಡ ಅಂದಿದ್ದಾರೆ ಅವ್ವ."

"ಅಂದವರು ಮನೆಗೋಗಿ ಉಂಡು ಕೂತವ್ರೆ! ಎಲ್ಲರೂ ಹೋದ್ರೆ ನಿನಗೆ ಗೊತ್ತಾಗಬಾರ್ದೇನೋ? ಇನ್ಮೇಲೆ ನಿನ್ನ ಮುಂದಿರೋರನ್ನ ನೋಡು! ಅವರು ಏನು ಮಾಡ್ತಾರೋ ನೀನೂ ಅದನ್ನೇ ಮಾಡು!"

"ಹೂಂ ಅವ್ವ. ಹಾಗೇ ಮಾಡ್ತೀನಿ."

ಹಾಗೇ ಮಾಡಿದ. ಯಾವಾಗ? ಪರೀಕ್ಷೆಯಲ್ಲಿ! ಮುಂದಿನ ಬೆಂಚಿನಲ್ಲಿ ತಬಸ್ಸುಮ್ ಬಾನು ಅಂತ ಜಾಣ ಹುಡುಗಿ. ಅವಳು ಬರೆದಳು, ಇವನು ಬರೆದ. ಅವಳು ಗೆರೆ ಎಳೆದಳು, ಇವನು ಎಳೆದ. ಅವಳು ಒಂದು ಉತ್ತರ ಹೊಡೆದು ಹಾಕಿದಳು, ಇವನೂ ಅಷ್ಟುದ್ದವೇ ಹೊಡೆದು ಹಾಕಿದ. ಮಾರನೇ ವಾರ ಮೇಡಮ್ಮಿನ ಮೇಜಿನ ಮೇಲೆ ಎರಡು ಉತ್ತರ ಪತ್ರಿಕೆ. ಎರಡರ ಮೇಲೂ ಒಂದೇ ನಂಬರು, ಎರಡರ ಮೇಲೂ ಒಂದೇ ಹೆಸರು: ತಬಸ್ಸುಮ್ ಬಾನು!

ಕ್ಯಾತಮ್ಮನಿಗೆ ಕರೆ ಹೋಯಿತು. ಸಿಮೆಂಟು ಮೆತ್ತಿದ ಕೈಯಲ್ಲೇ ಓಡಿ ಬಂದಳು.

"ಕದ್ದು ನೋಡಿ ಬರೆದಿದ್ದಾನೆ ನಿಮ್ಮ ಮಗ!" ಅಂದರು ಮೇಡಮ್ಮು.

"ಇಲ್ಲ ಮೇಡಮ್" ಅಂದ ಜುಂಜಣ್ಣ. "ಕದ್ದು ನೋಡಲಿಲ್ಲ, ಎದ್ದು ನೋಡಿದೆ. ಕೂತ್ರೆ ಕಾಣ್ತಿರಲಿಲ್ಲ."

ಕ್ಯಾತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲ ಮೇಡಮ್ನೋರೆ, ಆರಡಿ ಆಳು ಎದ್ದು ನಿಂತು ನೋಡೋವರೆಗೂ ಕಾವಲಿಗಿದ್ದ ನೀವು ಏನು ನೋಡ್ತಾ ಇದ್ರಿ?"

ಮೇಡಮ್ಮು ಕಿಟಕಿ ನೋಡಿದರು. ಅಷ್ಟಕ್ಕೇ ಬಿಟ್ಟರು, ಇನ್ನೊಂದು ಸಲ ಪರೀಕ್ಷೆ ಬರೆಸೋಣ ಅಂದರು.

ದಾರಿಯುದ್ದಕ್ಕೂ ಮಗನಿಗೆ ಪೂಜೆ. "ಅವರಪ್ಪ ಇಟ್ಟ ಹೆಸರನ್ನೂ ಬಿಡಲಿಲ್ಲವಲ್ಲೋ! ಇನ್ನೊಬ್ಬರದು ಯಾಕೋ ನಿನಗೆ? ಭಗವಂತ ಕುತ್ತಿಗೆ ಮೇಲೆ ಒಂದು ತಲೆ ಇಟ್ಟಿಲ್ವಾ? ಇನ್ಮೇಲೆ ಏನೇ ಕೆಲಸ ಬರಲಿ, ಸ್ವಂತ ತಲೆ ಉಪಯೋಗಿಸು!"

"ಹೂಂ ಅವ್ವ. ಹಾಗೇ ಮಾಡ್ತೀನಿ."

ಮುಂದಿನ ವರ್ಷ ಕಾಂಕ್ರೀಟಿನ ಲ್ಯಾಬು. ಕಾಂಕ್ರೀಟು ಕಲಸಿ, ಕಬ್ಬಿಣದ ಅಚ್ಚಿಗೆ ತುಂಬಿ, ಗೇಣುದ್ದದ ದಪ್ಪ ಗಟ್ಟಿಗಳನ್ನು ಮಾಡಬೇಕು. ಆಮೇಲೆ ಯಂತ್ರದಲ್ಲಿ ಅದುಮಿ ಎಷ್ಟು ಭಾರಕ್ಕೆ ಒಡೆಯುತ್ತೆ ಅಂತ ನೋಡಬೇಕು. ಕಲಸಿದ್ದು ಒಂದು ಕಡೆ, ಅಚ್ಚು ಇನ್ನೊಂದು ಕಡೆ. ಉಳಿದ ಹುಡುಗರು ತಳ್ಳುಗಾಡಿಯಲ್ಲಿ ಸಾಗಿಸಿದರು. ಜುಂಜಣ್ಣ ಅವ್ವನ ಮಾತು ನೆನೆದ. ಸ್ವಂತ ತಲೆ! ಸಿಂಬಿ ಇಲ್ಲ, ಬಾಂಡ್ಲಿ ಇಲ್ಲ, ಬರೀ ತಲೆ! ಬೊಗಸೆ ಬೊಗಸೆ ಬಾಚಿ ತಲೆ ಮೇಲೆ ಪೇರಿಸಿಕೊಂಡು ಹತ್ತು ಸಲ ಓಡಾಡಿದ. ಕಾಂಕ್ರೀಟು ಕಾಯುತ್ತದೆಯೇ? ಸಂಜೆಯ ಹೊತ್ತಿಗೆ ಕೂದಲ ಸಮೇತ ಬಿಗಿದು ಕೂತಿತು.

ಕ್ಷೌರದಂಗಡಿಯವನು ಕತ್ತರಿ ಹಾಕಿದ, ಕತ್ತರಿ ಮೊಂಡಾಯಿತು. ಕೊನೆಗೆ ಕ್ಯಾತಮ್ಮನೇ ಚೂರು ಚೂರಾಗಿ ಬಿಡಿಸಿದಳು. ಪೊದೆ ಹೋಗಿ ಬಯಲಾಯಿತು. ಬೋಳು ತಲೆ ನೋಡಿ ಅವಳಿಗೆ ಅಳುವೂ ಬಂತು, ಕೋಪವೂ ಬಂತು. ಕೋಪವೇ ಹೆಚ್ಚು ಬಂತು.

"ನನ್ನ ತಲೆ ಮೇಲಿಂದು ನಿನ್ನ ತಲೆಗೆ ಬರಬಾರ್ದು ಅಂತ ಅಲ್ವೇನೋ ನಿನ್ನ ಓದಿಸಿದ್ದು! ಓದಿ ಓದಿ ಬಾಂಡ್ಲಿನೂ ಇಲ್ದೆ ಹೊತ್ಯಲ್ಲೋ! ಕಾಂಕ್ರೀಟು ಅಂದ್ರೆ ಏನಂದ್ಕೊಂಡಿದ್ದೀಯ? ಅದು ಎಳೆಗೂಸು ಇದ್ದಂಗೆ ಕಣೋ! ಬಿಸಿಲು ತಾಗಿಸ್ಬಾರ್ದು, ಗಾಳಿ ತಾಗಿಸ್ಬಾರ್ದು. ಹೊತ್ತೊತ್ತಿಗೆ ಕುಡಿಸ್ಬೇಕು!"

"ಹೂಂ ಅವ್ವ. ಹಾಗೇ ಮಾಡ್ತೀನಿ."

ಮಾರನೇ ದಿನ ಬೆಳಗ್ಗೆ ಕಾಲೇಜಿನಲ್ಲಿ ಯಾರಿಗೂ ಟೀ ಇಲ್ಲ. ಪ್ರಿನ್ಸಿಪಾಲರಿಗೂ ಇಲ್ಲ. ಕ್ಯಾಂಟೀನಿನ ಹಾಲಿನ ಕ್ಯಾನುಗಳೇ ಮಾಯ! ಹುಡುಕುತ್ತಾ ಹೋದರೆ, ಲ್ಯಾಬಿನ ಬಾಗಿಲಲ್ಲಿ ಏಳು ಬೆಕ್ಕು. ಒಳಗೆ, ಗಟ್ಟಿಗಳನ್ನು ನೀರಲ್ಲಿ ನೆನೆಹಾಕುವ ತೊಟ್ಟಿಯಲ್ಲಿ ನೀರಿಲ್ಲ, ಹಾಲು! ಉಳಿದ ಮೂವತ್ತು ಜನ ಹುಡುಗರು ಮಾಡಿದ ಮೂವತ್ತು ಗಟ್ಟಿ ಹಾಲಲ್ಲಿ ತೇಲದೆ ಮುಳುಗಿದ್ದವು. ಇವನದೊಂದು ಮಾತ್ರ ಅವ್ವನ ಹಳೇ ಸೀರೆ ಸುತ್ತಿಸಿಕೊಂಡು ಇವನ ತೊಡೆಯ ಮೇಲೆ.

"ಏನೋ ಇದು?" ಅಂತ ಕಿರುಚಿದರು ಮೇಡಮ್ಮು.

"ಮೆತ್ತಗೆ ಮೇಡಮ್. ಈಗಷ್ಟೇ ಕುಡಿಸಿದ್ದೀನಿ."

ಕ್ಯಾತಮ್ಮ ಮತ್ತೆ ಬಂದಳು. ತೊಟ್ಟಿ ತೊಳೆದಳು. ಬೆಕ್ಕು ಓಡಿಸಿದಳು. ತೊಳೆಯುತ್ತಾ ತೊಳೆಯುತ್ತಾ ಬೈದಳು. "ನೀರು ಕಣೋ, ನೀರು! ಕೂಸಿನಂಗೆ ಅಂದ್ರೆ ಕೂಸೇ ಆಗ್ಬಿಡ್ತದಾ? ಕುಡಿಸು ಅಂದಿದ್ದಕ್ಕೆ ಹಾಲು ಸೇರಿಸು ಅಂದೋರು ಯಾರು? ಇನ್ಮೇಲೆ ನಿಂದು ಅಂತ ಒಂದಕ್ಷರ ಸೇರಿಸ್ಬೇಡ! ದೊಡ್ಡೋರು ಹೇಳಿದಷ್ಟು ಮಾಡು, ಹೇಳಿದಂಗೇ ಮಾಡು!"

"ಹೂಂ ಅವ್ವ. ಹಾಗೇ ಮಾಡ್ತೀನಿ."

ಹೇಗೋ ಏನೋ, ಬಾಯಿಪಾಠದ ಬಲದಲ್ಲಿ ಕೊನೇ ವರ್ಷಕ್ಕೆ ಬಂದ. ಕೊನೇ ವರ್ಷ ಎರಡು ತಿಂಗಳು ಕಟ್ಟಡದ ಕೆಲಸದಲ್ಲಿ ತರಬೇತಿ. ಎಲ್ಲಿ? ಕ್ಯಾತಮ್ಮ ಬಾಂಡ್ಲಿ ಹೊರುತ್ತಿದ್ದ ಜಾಗದಲ್ಲೇ! ಅಂಗನವಾಡಿಯ ಕಟ್ಟಡ. ಕಂಟ್ರಾಕ್ಟರು ಓಂಕಾರಪ್ಪ: ಬಿಳೀ ಅಂಗಿ, ಬಿಳೀ ಪ್ಯಾಂಟು, ಮಿರಮಿರ ಮಿಂಚುವ ಬೋಳು ತಲೆ.

ಗೋಡೆ ಎದ್ದಿತು. ಚಾವಣಿಗೆ ಹಲಗೆ ಹೊಡೆದು ಕಬ್ಬಿಣದ ಕಂಬಿ ಕಟ್ಟಿದರು. ಗೇಣಿಗೊಂದು ಕಂಬಿ ಇರಬೇಕು, ಮೊಳಕ್ಕೊಂದು ಇತ್ತು. ಓದಿದವರು ಅಳೆದು ನೋಡಬೇಕು. ಕ್ಯಾತಮ್ಮನಿಗೆ ಕಣ್ಣೇ ಸಾಕು.

"ಸಾಮೀ, ಕಂಬಿ ಅರ್ಧಕ್ಕರ್ಧ ಕಮ್ಮಿ ಅದೆ. ಕೆಳಗೆ ಮಕ್ಕಳು ಕೂರ್ತಾವೆ" ಅಂದಳು ಓಂಕಾರಪ್ಪನಿಗೆ.

"ಹೊರೋದು ನಿನ್ನ ಕೆಲಸ. ಹೊರು. ಬಾಯಿ ಮುಚ್ಕೊಂಡು ಹೊರು" ಅಂದ ಓಂಕಾರಪ್ಪ.

ಕ್ಯಾತಮ್ಮ ಬಾಂಡ್ಲಿ ಎತ್ತಿಕೊಂಡಳು. ಇಪ್ಪತ್ತು ವರ್ಷ ಈ ಮಾತು ಕೇಳಿದ್ದಳು. ಈ ಮಾತಿಗೆ ತಿರುಗಿ ಮಾತಾಡಲಿ ಅಂತಲೇ ಮಗನನ್ನು ಓದಿಸಿದ್ದಳು. ಆ ಮಗನೋ, ರಿಜಿಸ್ಟರು ಹಿಡಿದು ಬೆಪ್ಪನ ಹಾಗೆ ನಿಂತಿದ್ದ.

ಅವತ್ತು ಕಂಬಿ ಪರೀಕ್ಷೆ ಮಾಡಲು ಇಲಾಖೆಯ ಸಾಹೇಬರು ಬಂದರು. ಜುಂಜಣ್ಣ ಕಂಬಿ ಎಣಿಸಿ, ಸರಿಯಿದೆ ಅಂತ ರಿಜಿಸ್ಟರಿಗೆ ಸಹಿ ಹಾಕಬೇಕು, ಆಮೇಲೆ ಸಾಹೇಬರ ಸಹಿ. ಓಂಕಾರಪ್ಪ ಇವನನ್ನು ಮೂಲೆಗೆ ಕರೆದ.

"ಲೋ, ಕಂಬಿ ಗಿಂಬಿ ಎಣಿಸಬೇಡ. ಏನೂ ಓದಬೇಡ. ಕಣ್ಮುಚ್ಕೊಂಡು ಸಹಿ ಹಾಕು."

"ಕಣ್ಣು ಮುಚ್ಚಿಯಾ ಸಾರ್?"

"ಹೂಂ, ಮುಚ್ಚಿ!"

"ಎಲ್ಲಿ ಹಾಕ್ಲಿ?"

"ಎಲ್ಲಾ ಕಡೆ ಹಾಕು! ಬೇಗ ಹಾಕು! ನಾನು ನಿಲ್ಲಿಸು ಅನ್ನೋವರೆಗೂ ಹಾಕು!"

ಹೇಳಿದಷ್ಟು, ಹೇಳಿದಂಗೆ! ಜುಂಜಣ್ಣ ಸಾಹೇಬರ ಮುಂದೆ ಬಂದು ಗಟ್ಟಿಯಾಗಿ ಕಣ್ಣು ಮುಚ್ಚಿದ. ಪೆನ್ನು ತೆಗೆದ. ರಿಜಿಸ್ಟರಿನ ಮೇಲೆ ಹಾಕಿದ. ಮೇಜಿನ ಮೇಲೆ ಹಾಕಿದ. ತಡವುತ್ತಾ ತಡವುತ್ತಾ ಸಾಹೇಬರ ತೋಳಿನ ಮೇಲೆ ಹಾಕಿದ. ಅವರ ಟೀ ಲೋಟದ ಮೇಲೆ ಹಾಕಿದ. ಹಿಡಿಯಲು ಬಂದ ಓಂಕಾರಪ್ಪನ ಬಿಳೀ ಅಂಗಿಯ ಮೇಲೆ ಮೂರು ಹಾಕಿದ. ಬೋಳು ತಲೆ ಸಿಕ್ಕಿತು, ನುಣ್ಣಗಿತ್ತು, ಅದರ ಮೇಲೆ ಪೂರ್ತಿ ಹೆಸರು ಬರೆದು ಕೆಳಗೆ ಗೆರೆ ಎಳೆದ.

"ಏನಯ್ಯಾ ಇದು, ಹುಚ್ಚಾ ನಿನಗೆ?" ಅಂತ ಸಾಹೇಬರು ಗುಡುಗಿದರು.

ಜುಂಜಣ್ಣ ಕಣ್ಣು ಬಿಡದೆಯೇ ಹೇಳಿದ. "ಕಂಬಿ ಎಣಿಸಬೇಡ, ಏನೂ ಓದಬೇಡ, ಕಣ್ಮುಚ್ಕೊಂಡು ಎಲ್ಲಾ ಕಡೆ ಸಹಿ ಹಾಕು ಅಂತ ಕಂಟ್ರಾಕ್ಟರು ಹೇಳಿದ್ರು ಸಾರ್. ನಿಲ್ಲಿಸು ಅಂತ ಇನ್ನೂ ಹೇಳಿಲ್ಲ."

ಕಲಸುವ ಯಂತ್ರದವನೂ ಯಂತ್ರ ನಿಲ್ಲಿಸಿ ನೋಡುತ್ತಿದ್ದ.

ಕ್ಯಾತಮ್ಮ ಬಾಂಡ್ಲಿಯನ್ನು ದಬಾರ್ ಅಂತ ನೆಲಕ್ಕೆ ಎತ್ತಿ ಹಾಕಿದಳು. "ಎಣಿಸಿ ಸಾಮೀ! ಮೇಲೆ ಹತ್ತಿ ನೀವೇ ಎಣಿಸಿ! ನಮಗೆ ಬಾಯಿ ಮುಚ್ಚು ಅಂತಾರೆ, ಓದಿದೋರಿಗೆ ಕಣ್ಣು ಮುಚ್ಚು ಅಂತಾರೆ. ಎಲ್ಲರೂ ಎಲ್ಲಾ ಮುಚ್ಕೊಂಡ್ರೆ ನಾಳೆ ಮಕ್ಕಳ ಮೇಲೆ ಬೀಳೋ ಚಾವಣಿನ ಯಾರು ಹಿಡೀತಾರೆ?"

ಸಾಹೇಬರು ಹತ್ತಿದರು, ಎಣಿಸಿದರು. ಮೂವತ್ತಾರು ಇರಬೇಕಾದ ಕಡೆ ಹದಿನೆಂಟು. ಇಳಿದು ಬಂದು, "ಪೂರ್ತಿ ಕಟ್ಟಿಸಿ. ಕಾಂಕ್ರೀಟು ಹಾಕುವ ದಿನ ನಾನು ಬಂದು ನಿಂತಿರ್ತೀನಿ. ಈ ಹುಡುಗನ ತರಬೇತಿ ಇಲ್ಲೇ ಮುಗೀಬೇಕು" ಅಂತ ಹೇಳಿ ಹೋದರು.

ಓಂಕಾರಪ್ಪ ತಲೆ ಉಜ್ಜಿಕೊಳ್ಳುತ್ತಾ ಹಲ್ಲು ಕಡಿದ. "ಬಾರೋ, ದಿನಾ ಬಾ! ಆದ್ರೆ ನನಗೆ ನಿನ್ನ ಮುಖ ಮಾತ್ರ ತೋರಿಸ್ಬೇಡ!"

ಕ್ಯಾತಮ್ಮ ಅವತ್ತು ಮಗನಿಗೆ ಬೈಯಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಅದೇ ತಪ್ಪಾಯಿತು!

ಕಂಬಿ ಪೂರ್ತಿ ಬಂತು. ಸಿಮೆಂಟು ಪೂರ್ತಿ ಬಂತು. ಸಾಹೇಬರು ನಿಂತರು, ಕಾಂಕ್ರೀಟು ಬಿತ್ತು, ಗಾರೆಯವರು ಕನ್ನಡಿಯ ಹಾಗೆ ತೀಡಿದರು. ಓಂಕಾರಪ್ಪ ಚಾವಣಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದ. ಆಗ ಹಲಗೆಯ ಇಳಿಜಾರಿನಲ್ಲಿ ಯಾರೋ ಹತ್ತಿ ಬರುತ್ತಿದ್ದರು. ಮುಖ ಕಾಣುತ್ತಿಲ್ಲ. ಬೆನ್ನು ಕಾಣುತ್ತಿದೆ. ಹಿಂದು ಹಿಂದಕ್ಕೆ, ಒಂದೊಂದೇ ಹೆಜ್ಜೆ, ಜುಂಜಣ್ಣ!

"ಲೋ! ಲೋ! ನಿಲ್ಲೋ!" ಅಂತ ಕ್ಯಾತಮ್ಮ ಕೆಳಗಿಂದ ಕೂಗಿದಳು.

ಕೂಗು ಕೇಳಿ ಜುಂಜಣ್ಣ ಬೆಚ್ಚಿ, ಹಲಗೆಯ ತುದಿ ಎಡವಿ, ಬಿಗಿಯುತ್ತಿದ್ದ ಕಾಂಕ್ರೀಟಿನ ನಟ್ಟನಡುವೆ ಧೊಪ್ಪನೆ ಕೂತ. ನಾಲ್ಕು ಜನ ಹಿಡಿದು ಎಳೆದರು. ಅವನು ಎದ್ದ, ಗುರುತು ಏಳಲಿಲ್ಲ. ವಾರ ಬಿಟ್ಟು ಓಂಕಾರಪ್ಪ ಅದನ್ನು ಕೆತ್ತಿ ತೆಗೆಯಲು ಆಳು ಕಳಿಸಿದ. ಉಳಿ ಬಾಗಿತು, ಗುರುತು ಅಲ್ಲಾಡಲಿಲ್ಲ. ಅಷ್ಟು ಗಟ್ಟಿ ಚಾವಣಿ ಓಂಕಾರಪ್ಪ ಜನ್ಮದಲ್ಲಿ ಕಟ್ಟಿರಲಿಲ್ಲ.

ಕ್ಯಾತಮ್ಮ ಸೊಂಟದ ಮೇಲೆ ಕೈಯಿಟ್ಟು ಮಗನನ್ನು ನೋಡಿದಳು.

"ಜನ ಕಟ್ಟಡ ಕಟ್ಟಿಸಿ ಕಲ್ಲಲ್ಲಿ ಹೆಸರು ಕೆತ್ತಿಸ್ತಾರೆ ಕಣೋ! ನೀನು ನಾಕು ವರ್ಷ ಸಿವಿಲ್ಲು ಓದಿ ಕುಂಡೆ ಅಚ್ಚು ಒತ್ತಿ ಬಂದ್ಯಲ್ಲೋ!"

"ಹೂಂ ಅವ್ವ" ಅಂದ ಜುಂಜಣ್ಣ, ಅವಳಿಗೂ ಬೆನ್ನು ಹಾಕಿಕೊಂಡೇ.