ಇಟ್ಟ ಮಾತಿನ ಕೀಲಿಕೈ

ಮಲಪ್ರಭೆಯ ದಂಡೆಯಲ್ಲಿ ನೀಲವ್ವ ಎಂಬ ಗುರು ಇದ್ದಳು. ಆಶ್ರಮ ಎಂದರೆ ಅವಳ ಮನೆಯೇ. ಎರಡು ಕೋಣೆ, ಒಂದು ಪಡಸಾಲೆ, ಹೊಳೆಗೆ ಇಳಿಯಲು ಎಂಟು ಮೆಟ್ಟಿಲು.

ಅಲ್ಲಿಗೆ ಜನ ಉಪದೇಶ ಕೇಳಲು ಬರುತ್ತಿರಲಿಲ್ಲ. ಮಾತು ಇಡಲು ಬರುತ್ತಿದ್ದರು.

ಎದುರಿಗೆ ಹೇಳಲಾಗದ ಮಾತು ಯಾರಿಗಿಲ್ಲ? ಅಂಥದ್ದನ್ನು ಒಳಕೋಣೆಯಲ್ಲಿ ಒಬ್ಬರೇ ಕೂತು ಕಂಪ್ಯೂಟರಿಗೆ ಹೇಳುತ್ತಿದ್ದರು. ಅದು ಅವರ ದನಿಯಲ್ಲೇ ಉಳಿಯುತ್ತಿತ್ತು. ಯಾರಿಗೆ, ಯಾವ ದಿನ ಕೇಳಿಸಬೇಕು ಎಂಬುದಷ್ಟನ್ನು ವಹಿಯಲ್ಲಿ ಬರೆಸುತ್ತಿದ್ದರು. ಆ ದಿನ ಆ ಮನುಷ್ಯ ಬಂದು, ಬಾಗಿಲು ಹಾಕಿಕೊಂಡು, ತನ್ನ ಪಾಲಿನ ಮಾತು ಕೇಳಿ ಹೋಗುತ್ತಿದ್ದ. ನಡುವೆ ಬೇರೆ ಯಾರೂ ಕೇಳಕೂಡದು. ನೀಲವ್ವನೂ ಕೇಳುತ್ತಿರಲಿಲ್ಲ.

ಆ ಕಂಪ್ಯೂಟರನ್ನು ನೋಡಿಕೊಳ್ಳುವುದು ಶಿಷ್ಯ ಗುರುಪಾದನ ಜಿಮ್ಮೆ. ಪೇಟೆಯಲ್ಲಿ ಹದಿನೈದು ವರ್ಷ ಟೈಪಿಂಗ್ ಅಂಗಡಿ ನಡೆಸಿ, ನೆಮ್ಮದಿ ಬೇಕೆಂದು ಬಂದವನು. ಬಂದು ಐದು ವರ್ಷವಾಗಿತ್ತು, ನೆಮ್ಮದಿ ಸಿಕ್ಕಿರಲಿಲ್ಲ. ಕೂತಲ್ಲಿ ಕೂರುವ ಮನುಷ್ಯನೇ ಅಲ್ಲ ಅವನು. ಊಟಕ್ಕೆ ಕೂತರೂ ನಡುವೆ ಎರಡು ಸಲ ಎದ್ದು ಕಂಪ್ಯೂಟರು ನೋಡಿ ಬರುತ್ತಿದ್ದ.

ಒಂದು ದಿನ ಕೇಳಿದ: "ಅವ್ವಾರ, ಇದು ಕೆಟ್ಟು ನಿಂತ್ರ ಏನ ಗತಿ? ನಲವತ್ತೊಂದು ಮಂದಿ ಮಾತು ಅದಾವು ಇದರಾಗ."

"ಏನ ಮಾಡಬೇಕಂತೀ?"

"ಬ್ಯಾಕಪ್ ಮಾಡ್ತೇನ್ರಿ. ಬ್ಯಾರೆ ಡಿಸ್ಕಿನ್ಯಾಗ ಒಂದು ನಕಲು ಇಡೂದು."

"ಇಡು."

ಡಿಸ್ಕ್ ತಂದ, ನಕಲು ಮಾಡಿದ. ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಮತ್ತೆ ಬಂದು ನಿಂತ.

"ಆ ಡಿಸ್ಕ್ ಯಾರರ ಕದ್ದು ಕೇಳಿದ್ರ? ಒಂದೊಂದು ಮಾತಿಗೆ ಒಂದೊಂದು ಮನಿ ಒಡೀತೈತ್ರಿ."

ನೀಲವ್ವ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಿ, "ಖರೇ," ಅಂದಳು. ಈ ಹೆದರಿಕೆ ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು.

"ಅದಕ್ಕ ಎನ್‌ಕ್ರಿಪ್ಟ್ ಮಾಡ್ತೇನ್ರಿ. ಪಾಸ್‌ವರ್ಡ್ ಗೊತ್ತಿದ್ದಾವ್ರಿಗೆ ತೆರೀತೈತಿ. ಉಳಿದಾವ್ರಿಗೆ ಬರೇ ಕಸಾ ಕಾಣತೈತಿ."

"ಮಾಡು."

ಮಾಡಿದ. ಅಚ್ಚುಕಟ್ಟಾಗಿಯೇ ಮಾಡಿದ. ಒಂದು ಡಿಸ್ಕ್ ಮನೆಯಲ್ಲಿ, ಇನ್ನೊಂದು ಪೇಟೆಯ ಅಕ್ಕನ ಮನೆಯಲ್ಲಿ. ಮನೆಯದಕ್ಕೆ ದಿನಾ ಮಧ್ಯಾಹ್ನ ಬ್ಯಾಕಪ್ ತಾನೇ ಆಗುತ್ತಿತ್ತು. ವಾರಕ್ಕೊಮ್ಮೆ ಎರಡನ್ನೂ ಅದಲುಬದಲು ಮಾಡಿ ಬರುತ್ತಿದ್ದ. ಒಮ್ಮೆ ಹೇಳಿಕೊಟ್ಟ ಪಾಸ್‌ವರ್ಡನ್ನು ಕಂಪ್ಯೂಟರೇ ನೆನಪಿಟ್ಟುಕೊಂಡಿತ್ತು, ದಿನಾ ಒತ್ತುವ ಕೆಲಸವಿರಲಿಲ್ಲ.

ಆದರೆ ಆ ಪಾಸ್‌ವರ್ಡ್ ಅವನ ಜೀವ ಹಿಂಡಿತು.

ಮೊದಲು ಒಂದಕ್ಕೊಂದು ಸಂಬಂಧವಿಲ್ಲದ ಏಳು ಪದ ಕೂಡಿಸಿದ್ದ. ಸಾಲದು ಅನಿಸಿ ಒಂಬತ್ತು ಮಾಡಿದ. ಬಾಯಿಪಾಠ ಮಾಡುವಾಗ ಹಾಲಿನವಳು ತನ್ನ ತುಟಿ ನೋಡಿದಳು ಅನಿಸಿ ಒಂಬತ್ತನ್ನೂ ಬದಲಿಸಿದ. ಮರೆತರೆ ಎಂದು ಕಾಗದದ ಮೇಲೆ ಬರೆದ. ಕಾಗದ ಯಾರ ಕೈಗಾದರೂ ಸಿಕ್ಕರೆ ಎಂದು ಜೋಳದ ಗಡಿಗೆಯೊಳಗೆ ಇಟ್ಟ. ಅಲ್ಲಿಂದ ಪಂಚಾಂಗದೊಳಗೆ, ಅಲ್ಲಿಂದ ದಿಂಬಿನ ಹೊಲಿಗೆಯೊಳಗೆ. ಎಲ್ಲಿಟ್ಟರೂ ಅರ್ಧ ತಾಸಿಗೊಮ್ಮೆ ತೆಗೆದು ನೋಡುತ್ತಿದ್ದ.

ಒಂದು ಬೆಳಿಗ್ಗೆ ಸ್ಟೂಲು ಹತ್ತಿ ಜಂತಿಯ ಸಂದಿಗೆ ಕಾಗದ ತುರುಕುತ್ತಿದ್ದಾಗ ನೀಲವ್ವ ಕೆಳಗೆ ಬಂದು ನಿಂತಳು.

"ಯಾರಿಗೆ ಅಂಜಿ ಮುಚ್ಚಿ ಇಡಾಕತ್ತೀ?"

"ಕಳ್ಳರಿಗ್ರಿ."

"ಕಳ್ಳ ಯಾವತ್ತ ಬರತಾನ?"

"ಯಾರಿಗೆ ಗೊತ್ತ್ರಿ?"

"ಮಾತು ಕೇಳಾಕ ಬರಾವ್ರು ಯಾವತ್ತ ಬರತಾರ?"

"ವಹಿಯಾಗ ಬರದೈತಲ್ರಿ, ತಾರೀಖು ಸುದ್ದಾ."

"ಅವರು ಬಂದಾಗ ನೀ ಇರದಿದ್ರ ಯಾರು ತೆರಿಬೇಕು?"

"ನಾ ಇದ್ದೇನಲ್ರಿ."

"ಇವತ್ತ ಇದ್ದೀ," ಎಂದು ನೀಲವ್ವ ಕೊಡ ತೆಗೆದುಕೊಂಡು ಹೊಳೆಗೆ ಹೋದಳು.

ಆ ಮಾತು ಗುರುಪಾದನಿಗೆ ನಾಟಲಿಲ್ಲ. ಬದಲಿಗೆ ಬೇರೊಂದು ಉಪಾಯ ಹೊಳೆಯಿತು. ಪಾಸ್‌ವರ್ಡನ್ನು ಕಂಪ್ಯೂಟರಿನಲ್ಲೇ ಒಂದು ಕಡತದಲ್ಲಿ ಬರೆದಿಟ್ಟ. ಕಂಪ್ಯೂಟರಿಗೂ ಬೀಗ, ಬ್ಯಾಕಪ್ಪಿಗೂ ಬೀಗ, ಇದಕ್ಕಿಂತ ಭದ್ರವಾದ ಜಾಗ ಯಾವುದು? ಕಾಗದವನ್ನು ಒಲೆಗೆ ಹಾಕಿದ. ಎಷ್ಟೋ ತಿಂಗಳ ಮೇಲೆ ಅವತ್ತು ಎದ್ದು ಓಡಾಡದೆ ಒಂದು ಊಟ ಮುಗಿಸಿದ.

"ಅವ್ವಾರ, ಈಗ ಅದು ಯಾರಿಗೂ ಸಿಗೂದಿಲ್ರಿ."

"ಯಾರಿಗೂ?"

"ಯಾರಿಗೂ ಸಿಗೂದಿಲ್ಲ."

ನೀಲವ್ವ ಅವನ ಮುಖವನ್ನೇ ನೋಡಿದಳು. "ಒಮ್ಮೆರ ತೆರದು ನೋಡೀ ಏನು?"

"ದಿನಾ ಬ್ಯಾಕಪ್ ಆಗಾಕತ್ತೈತ್ರಿ."

"ಹಾಕೂದು ಕೇಳಲಿಲ್ಲ ನಾ. ತಗಿಯೂದು ಕೇಳಿದೆ."

"ತಗಿಯೂ ಪ್ರಸಂಗ ಬಂದಾಗ ತಗಿತೇನ್ರಿ," ಅಂದ. ಇಷ್ಟು ಮಾಡಿದರೂ ಶಾಬಾಸ್ ಅನ್ನಲಿಲ್ಲವಲ್ಲ ಎಂದು ಒಳಗೊಳಗೇ ಮುನಿಸು.

ವೈಶಾಖದ ಒಂದು ಮಧ್ಯಾಹ್ನ ಮಳೆಯಿಲ್ಲದೆ ಸಿಡಿಲು ಬಡಿಯಿತು. ಒಳಕೋಣೆಯಿಂದ ಸುಟ್ಟ ವಾಸನೆ ಬಂತು. ಕಂಪ್ಯೂಟರು ಹೋಗಿತ್ತು.

ಗುರುಪಾದ ಹೆದರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಸ್ವಲ್ಪ ಖುಷಿಯೇ ಆಯಿತು. ಇಷ್ಟು ದಿನ ಅಂಜುಬುರುಕ ಎಂದು ನಕ್ಕ ಊರವರು ಈಗ ನೋಡಲಿ! ಸಿಡಿಲು ಬೀಳುವ ಮೊದಲೇ ಅವತ್ತಿನ ಬ್ಯಾಕಪ್ ಮುಗಿದು, ಮನೆಯ ಡಿಸ್ಕ್ ತಂತಿ ಬಿಚ್ಚಿ ಕಪಾಟಿನಲ್ಲಿತ್ತು. ಅದನ್ನೂ ಸುಟ್ಟ ಕಂಪ್ಯೂಟರನ್ನೂ ಚೀಲದಲ್ಲಿ ಹಾಕಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದ. ಅಲ್ಲಿ ಹೊಸ ಕಂಪ್ಯೂಟರಿಗೆ ಡಿಸ್ಕ್ ಜೋಡಿಸಿದರು.

ಪರದೆಯ ಮೇಲೆ ಪಾಸ್‌ವರ್ಡ್ ಕೇಳಿತು.

ಗುರುಪಾದ ಬೆರಳು ಎತ್ತಿದ. ಎತ್ತಿದ ಬೆರಳು ಹಾಗೇ ನಿಂತವು. ಮೊದಲ ಪದ ನೆನಪಿತ್ತು. ಮೂರನೆಯದೋ ನಾಲ್ಕನೆಯದೋ ಒಂದು ನೆನಪಿತ್ತು, ಆದರೆ ಅದು ಹಳೆಯ ಏಳರದೋ ಹೊಸ ಒಂಬತ್ತರದೋ ಗೊತ್ತಾಗಲಿಲ್ಲ.

"ಹಳೇ ಕಂಪ್ಯೂಟರಿನ ಒಳಗಿನ ಡಿಸ್ಕ್ ತೆರೀತೈತಿ ಏನಪಾ?"

ರಿಪೇರಿಯವನು ಕರಕಾದ ತುಂಡೊಂದನ್ನು ಎತ್ತಿ ತೋರಿಸಿದ. "ಹೋಗೇತ್ರಿ ಇದು. ಬ್ಯಾಕಪ್ ಐತಲ್ರಿ, ಚಿಂತಿ ಯಾಕ?"

"ಪಾಸ್‌ವರ್ಡ್ ಬ್ಯಾಕಪ್ಪಿನ ಒಳಗೈತಿ."

ರಿಪೇರಿಯವನು ನಕ್ಕುಬಿಟ್ಟ. ಗುರುಪಾದನ ಮುಖ ನೋಡಿ ನಗು ನಿಲ್ಲಿಸಿದ. ಅಕ್ಕನ ಮನೆಯ ಡಿಸ್ಕನ್ನೂ ತಂದರು, ಅದಕ್ಕೂ ಅದೇ ಬೀಗ. ಮೂರು ದಿನ ಅಲ್ಲೇ ಕೂತು ನೆನಪಾದ ಪದಗಳನ್ನೆಲ್ಲ ಹಿಂದುಮುಂದು ಮಾಡಿ ಒತ್ತಿದ. ಒಂದೂ ಹತ್ತಲಿಲ್ಲ. ಹೊರಗಿನವರು ಮುರಿಯಲಾಗದ ಬೀಗ ಬೇಕೆಂದು ಅವನೇ ಆರಿಸಿ ಹಾಕಿದ್ದ ಬೀಗ ಅದು.

ಮರಳಿ ಬಂದವನು ಪಡಸಾಲೆಯಲ್ಲಿ ನಿಂತೇ ಹೇಳಿದ.

ನೀಲವ್ವ ಬೈಯಲಿಲ್ಲ. "ವಹಿ ತಗಿ. ಮುಂದ ಯಾರ ದಿನಾ ಐತಿ?"

ಅವನು ಹಾಳೆ ತಿರುವಿದ. "ನಾಳೇರಿ. ಕಸ್ತೂರಿ ಅಂತ. ಇಪ್ಪತ್ತೊಂದು ತುಂಬಿದ ದಿನಾ ಕೇಳಸ್ರಿ ಅಂತ ಅವರಪ್ಪ ಫಕೀರಪ್ಪ ಮೂರು ವರ್ಷದ ಹಿಂದ ಇಟ್ಟು ಹೋಗ್ಯಾನ. ಈಗ ಅಂವ ಇಲ್ರಿ, ತೀರಕೊಂಡಾನ."

ಅವನು ವಹಿ ಮುಚ್ಚಿದ.

"ಸಿಡಿಲು ಬಡೀತು ಅಂತ ಹೇಳೂಣೇನ್ರಿ?" ಗುರುಪಾದ ತಡವರಿಸಿದ. "ಸುಳ್ಳಂತೂ ಅಲ್ಲ."

"ಸಿಡಿಲು ಏನ ಸುಟ್ಟಿತು?"

"ಕಂಪ್ಯೂಟರ್."

"ಡಿಸ್ಕ್ ಎಷ್ಟು ಉಳದಾವ?"

"ಎರಡು."

"ಹಂಗಾದ್ರ ಹಂಗ ಹೇಳು."

ಕಸ್ತೂರಿ ಬೆಳಿಗ್ಗೆಯೇ ಬಂದಳು, ಹೊಳೆಯಾಚೆಯ ಊರಿನಿಂದ ನಡೆದುಕೊಂಡು. ಏಳು ವರ್ಷದವಳಿದ್ದಾಗ ಅಪ್ಪ ಅವಳನ್ನು ಸೋದರತ್ತೆಯ ಮನೆಯಲ್ಲಿ ಬಿಟ್ಟು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿದ್ದ. ಮತ್ತೆ ಕರೆಯಲು ಬರಲೇ ಇಲ್ಲ. ಯಾಕೆ ಬರಲಿಲ್ಲ ಎಂಬ ಒಂದೇ ಮಾತು ಅವಳಿಗೆ ಬೇಕಿತ್ತು, ಅದು ಈ ಮನೆಯಲ್ಲಿದೆ ಎಂದು ನಂಬಿ ಅವಳು ಕಾದಿದ್ದಳು.

ಗುರುಪಾದ ಎಲ್ಲ ಹೇಳಿದ. ಸಿಡಿಲು, ಎರಡು ಡಿಸ್ಕು, ಒಲೆಗೆ ಹಾಕಿದ ಕಾಗದ. ತಪ್ಪು ತನ್ನದು ಎಂದೂ ಹೇಳಿದ.

ಅವಳು ಡಿಸ್ಕನ್ನು ಕೈಗೆ ತೆಗೆದುಕೊಂಡಳು. "ಅಪ್ಪ ಇದರಾಗ ಅದಾನ?"

"ಅದಾನವಾ."

"ಖರೇ ಅದಾನ?"

"ಖರೇ ಅದಾನ. ತೆರಿಯಾಕ ಬರೂದಿಲ್ಲ."

ಅವಳು ಅತ್ತಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಅಳಲಿಲ್ಲ. "ಮಾತು ಇಡಾಕ ಬಂದಾಗ ನೀವು ಅಪ್ಪನ್ನ ನೋಡಿದ್ರೇನು?"

"ನೋಡೇನಿ. ಈ ಬಾಗಲದ ಹೊರಗ ನಾನೇ ಕುಂತಿದ್ದೆ."

"ಎಷ್ಟೊತ್ತು ಒಳಗಿದ್ದ?"

ಗುರುಪಾದ ಕಣ್ಣು ಮುಚ್ಚಿದ. ಇದನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ, ಆದ್ದರಿಂದ ಸಲೀಸಾಗಿ ನೆನಪಿಗೆ ಬಂತು. "ಮುಂಜಾನೆ ಹೋದಾಂವ ಮಧ್ಯಾಹ್ನಕ್ಕ ಬಂದ. ನಡಕ ಎರಡು ಸರ್ತಿ ಹೊರಗ ಬಂದು ಹೊಳಿ ನೋಡಿ ಮತ್ತ ಒಳಗ ಹೋದ. ಹೋಗೂ ಮುಂದ ನನಗ ಒಂದು ಮಾತು ಹೇಳಿದ."

"ಏನಂದ?"

"ಮಗಳು ಬಂದ್ರ ಮೊದಲ ಉಣ್ಣಾಕ ಹಾಕ್ರಿ, ಆಮ್ಯಾಲೆ ಕೇಳಸ್ರಿ. ಇದನ್ನ ಕೇಳಿದ ಮ್ಯಾಲ ಆಕಿ ಉಣ್ಣೂದಿಲ್ಲ. ಹಂಗಂದ."

ನೀಲವ್ವ ಒಳಗಿಂದ ತಾಟು ತಂದು ಅವಳ ಮುಂದೆ ಇಟ್ಟಳು. ಎರಡು ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು.

ಕಸ್ತೂರಿ ತಲೆ ಎತ್ತದೆ ಉಂಡಳು. ಒಂದು ತುಣುಕು ಬಿಡದೆ ಉಂಡಳು. ಕೈ ತೊಳೆದು ಬಂದು ಗುರುಪಾದನ ಎದುರು ಕೂತಳು.

"ಉಂಡೆ. ಈಗ ಕೇಳಸ್ರಿ."

ಗುರುಪಾದನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಅನಿಸಿತು. ಕಸ್ತೂರಿ ಎದ್ದಳು.

"ನಾ ನಿಮ್ಮನ್ನ ಕ್ಷಮಿಸೂದಿಲ್ಲ," ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಗುರುಪಾದ ನೀಲವ್ವನ ಕಾಲಿಗೆ ಬಿದ್ದ. "ನನಗ ಇಲ್ಲಿ ಇರಾಕ ಆಗೂದಿಲ್ರಿ. ಹೋಗ್ತೇನಿ."

"ಹೋಗು," ಅಂದಳು ನೀಲವ್ವ. ಅವನ ಕೈಗೆ ವಹಿ ಕೊಟ್ಟಳು. "ಇನ್ನ ನಲವತ್ತು ಹೆಸರು ಅದಾವ. ಎಲ್ಲಾರ ಮನಿಗೂ ಹೋಗು. ಆದದ್ದು ಹೇಳು. ಮತ್ತೊಮ್ಮೆ ಬಂದು ಮಾತು ಇಡ್ರಿ ಅಂತ ಕೇಳು."

"ತೀರಕೊಂಡಾವ್ರು?"

"ಅವರ ಮನಿಗೂ ಹೋಗು."

ಎರಡು ತಿಂಗಳು ಅವನು ಊರೂರು ತಿರುಗಿದ. ಒಬ್ಬ ಹೆಂಗಸು ಬಾಗಿಲು ಮುಚ್ಚಿದಳು. ಒಬ್ಬ ಮುದುಕ, "ಬಿಡಪಾ, ಹೋಗಿದ್ದ ಚೊಲೋ ಆತು," ಎಂದು ಚಹಾ ಕುಡಿಸಿ ಕಳಿಸಿದ. ಒಬ್ಬನು ಕಪಾಳಕ್ಕೆ ಬಾರಿಸಿದ. ಆರು ಮಂದಿ ತೀರಿಹೋಗಿದ್ದರು, ಆ ಆರೂ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದ. ಮೂವತ್ತೊಂದು ಮಂದಿ ಗೊಣಗುತ್ತಲೋ ಅಳುತ್ತಲೋ ಬಂದು ಮತ್ತೆ ಮಾತು ಇಟ್ಟರು.

ಹೊಸ ಕಂಪ್ಯೂಟರಿಗೆ ಹೊಸ ಬ್ಯಾಕಪ್ ಆಯಿತು. ಎನ್‌ಕ್ರಿಪ್ಟ್ ಈಗಲೂ ಮಾಡಿದ. ಆದರೆ ಪಾಸ್‌ವರ್ಡ್ ಎಂಬ ಆ ಕೀಲಿಕೈಯನ್ನು ಅವ್ವನಿಗೂ ಕೊಟ್ಟು, ಪೇಟೆಗೆ ಕರೆದೊಯ್ದು, ಬೇರೆ ಕಂಪ್ಯೂಟರಿನಲ್ಲಿ ಅವಳ ಕೈಯಿಂದಲೇ ಡಿಸ್ಕ್ ತೆರೆಸಿದ. ತೆರೆದ ಮೇಲೆ ಯಾರ ಮಾತನ್ನೂ ಕೇಳದೆ ಮುಚ್ಚಿದರು. ಪ್ರತಿ ತಿಂಗಳು ಹೀಗೆ ತೆರೆದು ನೋಡುವುದೆಂದು ಗೊತ್ತುಮಾಡಿಕೊಂಡರು.

ಅಷ್ಟಾದರೂ ಅವನಿಗೆ ಕೂರಲಾಗಲಿಲ್ಲ. ಪಡಸಾಲೆಯ ಆ ತುದಿಯಿಂದ ಈ ತುದಿಗೆ ಶತಪಥ ಹಾಕಿದ.

"ಮತ್ತೇನು?" ಕೇಳಿದಳು ನೀಲವ್ವ.

"ಕೀಲಿಕೈ ನನ್ನ ಹತ್ರ ಒಂದು, ನಿಮ್ಮ ಹತ್ರ ಒಂದು. ಇಬ್ಬರೂ ಒಂದ ಮನಿಯಾಗ ಇರಾವ್ರು. ನಾಳೆ ಹೊಳಿ ಏರಿ ಬಂದ್ರ ಇಬ್ಬರೂ ಹೋಗ್ತೇವಿ. ಮೂರನೇದು ಹೊರಗ ಯಾರ ಕಡೆರ ಇರಬೇಕ್ರಿ. ಯಾರನ್ನ ನಂಬೂದು ತಿಳಿವಲ್ದು."

"ಕಸ್ತೂರಿಗೆ ಕೊಡು."

ಗುರುಪಾದ ನಿಂತಲ್ಲೇ ನಿಂತ. "ಆಕಿಗೆ? ಆಕಿ ಇದನ್ನ ಇಟ್ಟುಕೊಂಡು ಎಲ್ಲಾರ ಮಾತೂ ಕೇಳಿದ್ರ?"

"ಡಿಸ್ಕ್ ಯಾರ ಕಡೆ ಇರತಾವ?"

"ಒಂದು ನಮ್ಮ ಕಡೆ, ಒಂದು ಅಕ್ಕನ ಕಡೆ."

"ಬರೇ ಕೀಲಿಕೈಯಿಂದ ಆಕಿ ಏನ ತೆರೀತಾಳ?"

"ಏನೂ ಇಲ್ಲ." ಅವನು ತಲೆ ತಗ್ಗಿಸಿದ. "ಖರೇ ಅವ್ವಾರ, ಆಕಿ ನನ್ನ ಮಾರಿ ನೋಡೂದಿಲ್ಲ. ನನ್ನನ್ನ ಇನ್ನೂ ಕ್ಷಮಿಸಿಲ್ಲ."

"ಕ್ಷಮಿಸಿಲ್ಲ ಅಲ್ಲ? ಹಂಗಾದ್ರ ಕೀಲಿಕೈ ಕಳದ್ರ ಏನಾಗತೈತಿ ಅಂತ ಆಕಿ ಮರತಿಲ್ಲ, ಇದನ್ನ ಆಕಿ ಕಳಕೊಳ್ಳೂದಿಲ್ಲ. ಹೋಗು, ಕೊಟ್ಟು ಬಾ."